ಹಿಡಿಯುವ ಸಾಮಾನು

ಝರ್ಕಾ ಊರಿನ ಹಳೆ ಬಸ್ ನಿಲ್ದಾಣದ ಹಿಂದೆ ತಲಾಲನ ಅಂಗಡಿ ಇದೆ. ಬಾಗಿಲ ಮೇಲೆ ದಪ್ಪ ಅಕ್ಷರಗಳಲ್ಲಿ ‘ಏನು ತಗೊಂಡರೂ ಒಂದು ದಿನಾರ್’ ಎಂದು ಬರೆಸಿದ್ದಾನೆ. ಒಳಗೆ ಹೋದರೆ ಎಡಗಡೆಯ ಮೂಲೆಯಲ್ಲಿ ಮೂರು ದಿನಾರಿನ ಸಾಮಾನೂ ಇದೆ, ಐದರದ್ದೂ ಇದೆ. ಯಾರಾದರೂ ಜಗಳಕ್ಕೆ ಬಂದರೆ, ‘ಬೋರ್ಡು ಹಳೇದು ಸ್ವಾಮಿ, ಬೆಲೆ ಹೊಸದು’ ಎನ್ನುತ್ತಾನೆ. ಆ ಬೋರ್ಡಿಗೆ ಹೋದ ವರ್ಷವಷ್ಟೇ ಹೊಸದಾಗಿ ಬಣ್ಣ ಹೊಡೆಸಿದ್ದನ್ನು ಓಣಿಯವರೆಲ್ಲ ಕಣ್ಣಾರೆ ಕಂಡಿದ್ದಾರೆ.

ಗುರುವಾರ ಮಧ್ಯಾಹ್ನ ಆ ಅಂಗಡಿಗೆ ತಲಾಲನ ಅಕ್ಕ ಖಿತಾಮ್ ಬರುತ್ತಾಳೆ. ಒಬ್ಬಳೇ ಬರುವುದಿಲ್ಲ, ಹಿಂದೆ ನಾಲ್ಕೈದು ಹೆಂಗಸರ ದಂಡು ಇರುತ್ತದೆ. ನಲ್ಲಿ, ಪೈಪು, ನೀರಿನ ಟ್ಯಾಂಕು ರಿಪೇರಿ ಮಾಡುವುದು ಖಿತಾಮಳ ಕೆಲಸ. ನಲವತ್ತೇಳು ವರ್ಷ, ಗಟ್ಟಿ ಮೈ, ಉದ್ದನೆಯ ನಿಲುವಂಗಿಯ ಕೆಳಗೆ ಗಂಡಸರ ಬೂಟು. ಮನೆಯಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಯಾವ ಹತ್ಯಾರು ಇಟ್ಟುಕೊಳ್ಳಬೇಕು, ಅಗ್ಗದ್ದರಲ್ಲಿ ಯಾವುದು ಬಾಳುತ್ತದೆ, ಯಾವುದು ನಮ್ಮ ಕೈ ಮುರಿಯುತ್ತದೆ ಎಂಬುದನ್ನು ಅವಳ ಬಾಯಿಂದ ಕೇಳದೆ ಆ ಓಣಿಯ ಹೆಂಗಸರು ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ.

“ಸುತ್ತಿಗೆ ಬೇಕಾ? ತಗೊ. ಹಿಡಿ ಅಲ್ಲಾಡುತ್ತಾ ನೋಡು, ಅಷ್ಟೇ. ಹೊಡೆಯೋ ಸಾಮಾನಿಗೆ ಭಾರ ಇದ್ರೆ ಸಾಕು, ಬುದ್ಧಿ ಬೇಕಾಗಿಲ್ಲ.”

“ನಮ್ಮನೆಯವರ ಥರಾನೇ ಅನ್ನು,” ಎಂದಳು ಪಕ್ಕದ ಮನೆಯ ಉಮ್ಮ್ ಲುತ್ಫಿ. ಲುತ್ಫಿ ಎಂಬವನ ತಾಯಿ, ಬಾಯಿಗೆ ಬೀಗವಿಲ್ಲದ ಹೆಂಗಸು. ದಂಡೆಲ್ಲ ನಕ್ಕಿತು.

ಇನ್ನೊಬ್ಬಳು ರಸಮಟ್ಟ ಎತ್ತಿಕೊಂಡಳು. ಖಿತಾಮ್ ಅದನ್ನು ಗಲ್ಲಾದ ಮೇಲಿಟ್ಟು ಗುಳ್ಳೆ ಎಲ್ಲಿ ನಿಲ್ಲುತ್ತದೆಂದು ನೋಡಿದಳು, ಆಮೇಲೆ ಆ ಕಡೆಯ ತುದಿಯನ್ನು ಈ ಕಡೆಗೆ ತಿರುಗಿಸಿಟ್ಟು ಮತ್ತೆ ನೋಡಿದಳು. “ಎರಡು ಸಲಾನೂ ಒಂದೇ ಕಡೆ ನಿಂತಿದೆ. ರಸಮಟ್ಟ ಸರಿಯಾಗೇ ಇದೆ, ತಗೊ. ತಲಾಲ್, ನಿನ್ನ ಗಲ್ಲಾನೇ ಓರೆ ಕಣೋ.”

ಹೀಗೆ ಸಾಗುತ್ತದೆ ಅವಳ ಪಾಠ. ಅಳತೆ ಟೇಪು ಕೊಳ್ಳಬಹುದು, ಆದರೆ ಒಂದು ಕೆಲಸ ಮುಗಿಯುವ ತನಕ ಅದೇ ಟೇಪಿನಲ್ಲೇ ಅಳೆಯಬೇಕು, ಎರಡು ಟೇಪು ಒಂದೇ ಮಾತು ಹೇಳುವುದಿಲ್ಲ. ಹ್ಯಾಕ್ಸಾ ಚೌಕಟ್ಟು ಇಲ್ಲಿಂದ, ಬ್ಲೇಡು ಕಬ್ಬಿಣದ ಅಂಗಡಿಯಿಂದ. ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪು ತೆಳುವಾಗಿದೆ, ಎರಡು ಸುರುಳಿ ತಗೊಂಡು ಡಬಲ್ ಸುತ್ತಿದರೆ ಆಯಿತು. ಡ್ರಿಲ್ಲಿಗೆ ಹಾಕುವ ಬಿಟ್, ಹಲ್ವಾಕ್ಕೆ ತೂತು ಹಾಕುವವರಿಗೆ ಮಾತ್ರ. ಸ್ಕ್ರೂಡ್ರೈವರಿನ ತುದಿ ಮೂರು ಸ್ಕ್ರೂ ತಿರುಗಿಸುವಷ್ಟರಲ್ಲಿ ಹೊರಳಿಕೊಳ್ಳುತ್ತದೆ, ಬಣ್ಣದ ಡಬ್ಬಿ ತೆರೆಯುವುದಕ್ಕೆ ಬೇಕಿದ್ದರೆ ಇರಲಿ. ಇಕ್ಕಳವನ್ನು ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಬೇಕು, ಸಂದಿಯಲ್ಲಿ ಬೆಳಕು ಕಂಡರೆ ಇದ್ದಲ್ಲೇ ಇಡಬೇಕು. ಇನ್ನು ಸ್ಪ್ಯಾನರು, ಪೈಪನ್ನು ಹಲ್ಲಿನ ದವಡೆಯಲ್ಲಿ ಕಚ್ಚಿ ತಿರುಗಿಸುವ ಪೈಪ್ ಪಾನಾ ಇಂಥವನ್ನು ಮುಟ್ಟಲೂಬಾರದು.

“ಹೊಡೆಯೋದು, ಅಳೆಯೋದು, ಸುತ್ತೋದು ಇಲ್ಲಿ ತಗೊಳ್ಳಿ. ಹಿಡಿಯೋ ಸಾಮಾನು ಮಾತ್ರ ಇಲ್ಲಿ ಬೇಡವೇ ಬೇಡ. ಅರ್ಧದಲ್ಲಿ ಜಾರಿತು ಅಂದ್ರೆ ನಟ್ಟೂ ಹೋಯ್ತು, ಬೆರಳೂ ಹೋಯ್ತು.”

“ಅಕ್ಕಾ, ನೀನು ನನ್ನ ಅಕ್ಕಾನೋ, ಎದುರು ಅಂಗಡಿಯವನ ಅಕ್ಕಾನೋ?” ಎಂದು ತಲಾಲ್ ಗಲ್ಲಾದಿಂದಲೇ ಕೂಗುತ್ತಾನೆ.

“ಎದುರು ಅಂಗಡಿಯವನ ಅಕ್ಕ ಆಗಿದ್ರೆ ಬಕೆಟ್ಟೂ ಬೇಡ ಅಂತಿದ್ದೆ.”

ತಲಾಲ್ ಮುಖ ಗಂಟಿಕ್ಕಿಕೊಂಡರೂ ಒಳಗೊಳಗೇ ಅವನಿಗೆ ಖುಷಿಯೇ. ಅಕ್ಕ ಬೇಡವೆಂದದ್ದನ್ನು ಯಾರೂ ಕೊಳ್ಳುವುದಿಲ್ಲ ನಿಜ, ಆದರೆ ಅವಳು ಸರಿ ಎಂದದ್ದನ್ನು ಎಲ್ಲರೂ ಕೊಳ್ಳುತ್ತಾರೆ. ಅವನ ಬಕೆಟ್ಟು ಮಾರಾಟವಾದಷ್ಟು ಇಡೀ ಊರಿನಲ್ಲಿ ಯಾರ ಬಕೆಟ್ಟೂ ಮಾರಾಟವಾಗುವುದಿಲ್ಲ.

ಈ ಹೆಂಗಸಿಗೆ ಖಿತಾಮ್ ಎಂದು ಹೆಸರಿಟ್ಟದ್ದೇ ಒಂದು ಕಥೆ. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾದಾಗ, ಇನ್ನು ಸಾಕಪ್ಪಾ, ಇಲ್ಲಿಗೆ ಮುಗಿಯಲಿ ಎಂಬ ಅರ್ಥದಲ್ಲಿ ಅಜ್ಜಿ ಇಟ್ಟ ಹೆಸರು ಅದು. ಹೆಸರಿನ ಪುಣ್ಯವೋ ಏನೋ, ಎರಡು ವರ್ಷಕ್ಕೆ ತಲಾಲ್ ಹುಟ್ಟಿದ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅಪ್ಪನನ್ನು ಊರವರು ಅಬೂ ತಲಾಲ್, ತಲಾಲನ ಅಪ್ಪ, ಎಂದೇ ಕರೆಯುತ್ತಿದ್ದರು. ಹುಟ್ಟದ ಮಗನ ಹೆಸರು ಹೊತ್ತುಕೊಂಡು, ಹುಟ್ಟಿದ ಐದು ಹೆಣ್ಣುಗಳ ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ. ಅವನೂ ನೀರಿನ ಪೈಪಿನ ಕೆಲಸದವನೇ.

ತಲಾಲ್ ಒಬ್ಬನೇ ಗಂಡು, ಬಿಸಿಲಿಗೆ ಬಾಡಿಯಾನು ಎಂದು ತಾಯಿ ಅವನನ್ನು ಮನೆಯ ಮಾಳಿಗೆಗೂ ಕಳಿಸುತ್ತಿರಲಿಲ್ಲ. ಹಾಗಾಗಿ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದವಳು ಖಿತಾಮ್. ವಾರಕ್ಕೊಂದು ದಿನ ನೀರು ಬಿಡುವ ಊರದು. ನೀರಿನ ದಿನ ಎಲ್ಲರ ಮಾಳಿಗೆಯ ಟ್ಯಾಂಕೂ ತುಂಬಬೇಕು. ತುಂಬುವ ಹೊತ್ತಿಗೆ ಎಲ್ಲಿ ಸೋರುತ್ತದೆ ಎಂಬುದು ಆವತ್ತೇ ಗೊತ್ತಾಗಬೇಕು, ಇಲ್ಲದಿದ್ದರೆ ವಾರವಿಡೀ ಕುಡಿಯುವ ನೀರಿಗೂ ಪರದಾಟ. ಸೋರುವ ಪೈಪು ಗೋಡೆಯೊಳಗಿದ್ದರೆ ಅಬೂ ತಲಾಲ್ ತನ್ನ ದೊಡ್ಡ ಪೈಪ್ ಪಾನಾದ ಬಾಯನ್ನು ಹೊರಗೆ ಕಾಣುವ ಪೈಪಿಗೆ ಕಚ್ಚಿಸಿ, ಹಿಡಿಯ ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಮಗಳನ್ನು ಕರೆದು ಅವಳ ಕಿವಿಯನ್ನೂ ಅಲ್ಲಿಗೆ ಇಡಿಸುತ್ತಿದ್ದ.

“ಏನ್ ಹೇಳ್ತಿದೆ?”

“ಸೀಟಿ ಹೊಡೀತಿದೆಯಪ್ಪ.”

“ಸೀಟಿ ಹೊಡೆದ್ರೆ ಹತ್ರ. ಗೊಣಗಿದ್ರೆ ದೂರ. ಈಗ ಎರಡು ಮೊಳ ಮೇಲೆ ಕಚ್ಚಿಸಿ ಕೇಳು.”

ಆ ಪಾನಾ ಒಂದೇ ಎರಕದ ಗಟ್ಟಿ ಉಕ್ಕಿನದು. ಅಪ್ಪ ಯೌವನದಲ್ಲಿ ಬಸ್ರಾದ ಕಡೆ ದುಡಿಯಲು ಹೋಗಿದ್ದಾಗ ತಂದದ್ದು. ದವಡೆಯ ಕೆಳಗೆ ಅರದಿಂದ ತೀಡಿದ ಎರಡು ಗೀರು, ಪಕ್ಕದಲ್ಲಿ ಒಂದು ಚುಕ್ಕೆ. ಕೆಲಸದ ಜಾಗದಲ್ಲಿ ಇನ್ನೊಬ್ಬರ ಸಾಮಾನಿನ ಜೊತೆ ಬೆರೆಯದಿರಲಿ ಎಂದು ಅವನು ಹಾಕಿದ ಗುರುತು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಿಡಿ ಕಾದು ಅಂಗೈ ಸುಡುತ್ತಿತ್ತು. ಹನ್ನೊಂದು ವರ್ಷದ ಖಿತಾಮ್ ಹಳೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಹಿಡಿಗೆ ಸುತ್ತಿಕೊಟ್ಟಳು. ತುದಿಯನ್ನು ಮಾತ್ರ ಬರಿ ಉಕ್ಕಾಗಿಯೇ ಬಿಟ್ಟಳು, ಕಿವಿಗೆ ಬೇಕಲ್ಲ. ಮೂರನೆಯ ಸುತ್ತಿನಲ್ಲಿ ಪಟ್ಟಿ ತಪ್ಪಿ ಎರಡನೆಯದರ ಮೇಲೆ ಅಡ್ಡ ಹತ್ತಿತು. ಬಿಚ್ಚಿ ಸುತ್ತುತ್ತೇನೆಂದು ಅಳುಮುಖ ಮಾಡಿದಾಗ ಅಪ್ಪ ಕೈಗೆ ತೆಗೆದುಕೊಂಡು ನೋಡಿದ. “ಬಿಡು ಮಗಳೇ, ನನ್ನ ಹೆಬ್ಬೆಟ್ಟಿಗೆ ಒಂದು ಜಾಗ ಆಯ್ತು,” ಎಂದ. ಆಮೇಲೆ ಸಾಯುವ ತನಕ ಅವನ ಹೆಬ್ಬೆಟ್ಟು ಅಲ್ಲೇ ಕೂರುತ್ತಿತ್ತು.

ಖಿತಾಮಳ ಮದುವೆಯಾಯಿತು, ಒಬ್ಬ ಮಗಳು ಹುಟ್ಟಿದಳು, ಲಾರಿ ಓಡಿಸುತ್ತಿದ್ದ ಗಂಡ ಬೇಗನೆ ತೀರಿಕೊಂಡ. ಅವಳ ಮೂವತ್ತಾರನೆಯ ವಯಸ್ಸಿನಲ್ಲಿ ಅಪ್ಪನೂ ಹೋದ. ನಾಲ್ಕು ತಿಂಗಳ ಮೇಲೆ ಅಕ್ಕತಂಗಿಯರೆಲ್ಲ ನ್ಯಾಯಾಲಯಕ್ಕೆ ಹೋಗಿ, ಅಪ್ಪನ ಮನೆಯಲ್ಲಿ ತಮಗೆ ಬರಬೇಕಾದ ಪಾಲನ್ನು ತಮ್ಮನಿಗೇ ಬಿಟ್ಟುಕೊಟ್ಟು ಸಹಿ ಹಾಕಿ ಬಂದರು. ಬಿಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ, ಜನ ಬಾಯಿಗೆ ಬಂದಂತೆ ಆಡುತ್ತಾರೆ. ಖಿತಾಮಳೂ ಖುಷಿಯಿಂದಲೇ ಸಹಿ ಹಾಕಿದಳು. ಆ ಮನೆಯ ಮೆಟ್ಟಿಲ ಕೆಳಗೆ ಅಪ್ಪನ ಹತ್ಯಾರಿನ ಪೆಟ್ಟಿಗೆಯೂ ಇದೆ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ. ಅವಳ ತಲೆಗೂ ಹೊಳೆಯಲಿಲ್ಲ.

ಎರಡು ವರ್ಷದ ನಂತರ ಹೆಂಗಸರಿಗೆ ಪೈಪಿನ ಕೆಲಸ ಕಲಿಸುವ ತರಬೇತಿಯೊಂದು ಊರಿಗೆ ಬಂತು. ಗಂಡಸರಿಲ್ಲದ ಹೊತ್ತಿನಲ್ಲಿ ಮನೆಯೊಳಗೆ ಪರ ಗಂಡಸು ಕಾಲಿಡುವಂತಿಲ್ಲ. ನಲ್ಲಿಗೆ ಅದೆಲ್ಲ ಏನು ಗೊತ್ತು, ಅದು ಬೆಳಗ್ಗೆ ಹತ್ತಕ್ಕೇ ಕೈ ಕೊಡುತ್ತದೆ. ಗಂಡ ಬರುವ ಸಂಜೆಯ ತನಕ ಹೆಂಗಸರು ಬಕೆಟ್ಟಿನ ಮೇಲೆ ಬಕೆಟ್ಟು ಇಟ್ಟುಕೊಂಡು ಕೂರಬೇಕಿತ್ತು. ಖಿತಾಮ್ ತರಬೇತಿಗೆ ಸೇರಿದ ಮೊದಲ ದಿನವೇ ಕಲಿಸುವವನಿಗೆ ಎರಡು ಮಾತು ಕಲಿಸಿ ಬಂದಳು. ಆರು ತಿಂಗಳಿಗೆ ಅವಳ ಹೆಸರು ಊರೆಲ್ಲ ಹಬ್ಬಿತು.

ಆವಾಗ ಅವಳಿಗೆ ಅಪ್ಪನ ಪಾನಾ ನೆನಪಾಯಿತು. ಹಬ್ಬದ ಎರಡನೆಯ ದಿನ ತವರಿಗೆ ಹೋದಾಗ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಹೋಗಿದ್ದಳು. ಹೋಗಿ ನೋಡಿದರೆ ಪಾನಾ ಮೆಟ್ಟಿಲ ಕೆಳಗೆ ಇರಲಿಲ್ಲ. ತಲಾಲ್ ಅದಕ್ಕೆ ಎಣ್ಣೆ ಹಚ್ಚಿ ಒರೆಸಿ, ನೆಂಟರು ಕೂರುವ ಕೋಣೆಯ ಗೋಡೆಗೆ, ಅಪ್ಪನ ಫೋಟೋದ ಪಕ್ಕಕ್ಕೆ ಎರಡು ಮೊಳೆ ಹೊಡೆದು ನೇತುಹಾಕಿದ್ದ. ಅದರ ಕೆಳಗೆ ಮಸುಕು ಗುಲಾಬಿ ಬಣ್ಣದ ಸೋಫಾ, ಮೇಲೆ ಗಡಿಯಾರ.

“ಎಷ್ಟು ಚೆನ್ನಾಗಿದೆಯೋ ತಲಾಲ್, ಅಪ್ಪನ ಪಾನಾ,” ಎಂದಳು ಖಿತಾಮ್.

“ನಿಂದೇ ಅಕ್ಕ, ತಗೊ,” ಎಂದ ತಲಾಲ್ ತಕ್ಷಣ.

“ಇಟ್ಟೋರ ಹತ್ರ ಇದ್ರೇನೇ ಚೆಂದ,” ಎಂದಿತು ಅವಳ ಬಾಯಿ. ಹೌದು, ಬಾಯಿಯೇ ಹೇಳಿತು. ಮನಸ್ಸನ್ನು ಅದು ಕೇಳಲೇ ಇಲ್ಲ.

ಅವಳನ್ನು ಬೈದು ಉಪಯೋಗವಿಲ್ಲ. ಆ ಊರಿನಲ್ಲಿ ಯಾರದಾದರೂ ಮನೆಯ ಲೋಟ ಚೆನ್ನಾಗಿದೆ ಎಂದರೂ, ಕೊರಳಿನ ಸರ ಚೆನ್ನಾಗಿದೆ ಎಂದರೂ, ಯಜಮಾನ ‘ನಿಂದೇ, ತಗೊ’ ಎನ್ನಲೇಬೇಕು, ಹೊಗಳಿದವರು ‘ಇಟ್ಟೋರ ಹತ್ರ ಇದ್ರೇನೇ ಚೆಂದ’ ಎನ್ನಲೇಬೇಕು. ಮಾತು ಕಲಿಯುವಾಗಲೇ ಮಕ್ಕಳು ಇದನ್ನೂ ಕಲಿಯುತ್ತವೆ. ಒಂದು ಕಾಲದಲ್ಲಿ ಯಾವನೋ ಮದುವೆ ಮನೆಯಲ್ಲಿ ಕಾಫಿ ಪಾತ್ರೆಯನ್ನು ಹೊಗಳಿ, ತಗೊ ಎಂದಾಗ ಬಗಲಲ್ಲಿಟ್ಟುಕೊಂಡು ನಡೆದೇಬಿಟ್ಟನಂತೆ. ಅವನ ಮೊಮ್ಮಕ್ಕಳನ್ನು ಇಂದಿಗೂ ಕಾಫಿ ಪಾತ್ರೆಯವರು ಎಂದೇ ಕರೆಯುತ್ತಾರೆ.

ಹಾಗೆಂದು ನೇರವಾಗಿ ಕೇಳಬಹುದಿತ್ತಲ್ಲ, ಒಡಹುಟ್ಟಿದ ತಮ್ಮನಲ್ಲವೇ? ಕೇಳಬಹುದಿತ್ತು. ಆದರೆ ಸಹಿ ಹಾಕಿ ಬಿಟ್ಟುಕೊಟ್ಟ ಮನೆಯಿಂದ ಒಂದು ಸಾಮಾನು ಕೇಳಿದರೆ, ಈವತ್ತು ಪಾನಾ ನಾಳೆ ಮನೆ ಎಂದು ಅಕ್ಕಂದಿರೇ ಆಡಿಕೊಳ್ಳುತ್ತಾರೆ. ತಲಾಲನ ಹೆಂಡತಿ ನಿಸ್ರೀನ್ ಒಳ್ಳೆಯವಳು, ಆದರೂ ಅವಳ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರಬಹುದು. ಆ ಒಂದು ಕೂದಲೆಳೆಗೆ ಖಿತಾಮ್ ಹೆದರಿದಳು. ಗೋಡೆಯೊಳಗಿನ ಪೈಪಿಗೆ ಹೆದರದವಳು ನಾದಿನಿಯ ಹುಬ್ಬಿಗೆ ಹೆದರಿದಳು ಎಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಎಂಟು ವರ್ಷ ಹೀಗೇ ನಡೆಯಿತು. ವರ್ಷಕ್ಕೆ ಎರಡು ಹಬ್ಬ, ಹದಿನಾರು ಹಬ್ಬ. ಪ್ರತಿ ಹಬ್ಬಕ್ಕೂ ಅವಳು ಖರ್ಜೂರದ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಹೋಗಿ, ಗುಲಾಬಿ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಕೂರಲು ಆಗದೆ, ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ಚಹಾ ಕುಡಿಯುವಾಗ ಕಣ್ಣು ಹಿಡಿಯ ಮೇಲಿನ ಆ ಅಡ್ಡ ಸುತ್ತಿಗೇ ಹೋಗುತ್ತಿತ್ತು. ಚೆನ್ನಾಗಿದೆ ಎನ್ನುವಳು. ನಿಂದೇ ತಗೊ ಎನ್ನುವನು. ಇಟ್ಟೋರ ಹತ್ರ ಎನ್ನುವಳು. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ತನ್ನ ನಾಲಿಗೆಗೆ ತಾನೇ ಬೈದುಕೊಳ್ಳುವಳು. ಕೆಲಸಕ್ಕೆ ಅವಳ ಬಳಿ ಬೇರೆ ಪಾನಾ ಇತ್ತು, ಒಳ್ಳೆಯದೇ, ಗುಜರಿಯಲ್ಲಿ ಹುಡುಕಿ ತಂದದ್ದು. ಅದು ಚೆನ್ನಾಗಿ ಹಿಡಿಯುತ್ತಿತ್ತು. ಆದರೆ ಹಿಂದೆ ಯಾರೋ ಅದರ ಹಿಡಿಯನ್ನು ಮುರಿದು ಬೆಸುಗೆ ಹಾಕಿಸಿದ್ದರು, ಸದ್ದು ಬೆಸುಗೆಯ ತನಕ ಬಂದು ನಿಂತುಬಿಡುತ್ತಿತ್ತು. ಕಿವಿಯಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಸದ್ದು. ಆ ಸದ್ದಿನ ಹಿಂದೆ, ‘ಏನ್ ಹೇಳ್ತಿದೆ?’ ಎಂದು ಕೇಳುವ ಒಂದು ದನಿ ಇರುತ್ತದೆ ಎಂದು ಅವಳಿಗೆ ಹೇಗೋ ನಂಬಿಕೆ.

ಹೋದ ವರ್ಷ ಬಕ್ರೀದಿಗೆ ಎರಡು ವಾರ ಇರುವಾಗ ಒಂದು ಎಡವಟ್ಟಾಯಿತು. ಉಮ್ಮ್ ಲುತ್ಫಿಯ ಬಚ್ಚಲಿನ ಗೋಡೆಯೊಳಗೆ ನೀರು ಸೋರುತ್ತಿತ್ತು. ಖಿತಾಮ್ ಬೆಸುಗೆಯ ಪಾನಾಕ್ಕೆ ಕಿವಿಯಿಟ್ಟಳು, ಸ್ಕ್ರೂಡ್ರೈವರ್ ಇಟ್ಟು ಕೇಳಿದಳು, ಕೊನೆಗೆ ಅಂದಾಜಿನ ಮೇಲೆ ಉಳಿ ಹಿಡಿದು ಒಡೆದಳು. ನಾಲ್ಕು ಒಳ್ಳೆಯ ಟೈಲ್ಸು ಪುಡಿಯಾದವು. ಒಳಗೆ ಪೈಪು ಒಣಗಿ ಕೂತಿತ್ತು. ಸೋರುತ್ತಿದ್ದದ್ದು ಬಾಗಿಲ ಆ ಕಡೆ.

“ಹೋಗ್ಲಿ ಬಿಡು ಖಿತಾಮಕ್ಕ,” ಎಂದಳು ಉಮ್ಮ್ ಲುತ್ಫಿ. “ಆ ಟೈಲ್ಸಿನ ಬಣ್ಣ ನಂಗೆ ಮೊದ್ಲಿಂದ್ಲೂ ಹಿಡಿಸ್ತಿರ್ಲಿಲ್ಲ.” ಆ ಬಣ್ಣವನ್ನು ಆರಿಸಿ ತಂದವಳು ಅವಳೇ ಎಂಬುದು ಖಿತಾಮಳಿಗೆ ಗೊತ್ತಿತ್ತು. ಆ ಒಳ್ಳೆಯ ಮಾತಿನಿಂದಲೇ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಅಪ್ಪನಾಗಿದ್ದರೆ ಒಂದು ಟೈಲ್ಸೂ ಒಡೆಯುತ್ತಿರಲಿಲ್ಲ.

ಆವತ್ತು ಗಟ್ಟಿ ಮನಸ್ಸು ಮಾಡಿದಳು. ಈ ಹಬ್ಬಕ್ಕೆ ತಲಾಲ್ ‘ನಿಂದೇ, ತಗೊ’ ಎಂದ ಕೂಡಲೇ ‘ತಗೊಂಡೆ’ ಎಂದುಬಿಡುವುದು. ಮೂರೇ ಅಕ್ಷರ. ಪಾತ್ರೆ ತೊಳೆಯುವಾಗ ಹೇಳಿಕೊಂಡಳು, ಮೆಟ್ಟಿಲು ಹತ್ತುವಾಗ ಹೇಳಿಕೊಂಡಳು, ಮಾಳಿಗೆಯ ಟ್ಯಾಂಕಿನೊಳಗೆ ತಲೆ ಹಾಕಿ ಗಟ್ಟಿಯಾಗಿ ಹೇಳಿ ನೋಡಿದಳು. ಟ್ಯಾಂಕು ಅದನ್ನೇ ತಿರುಗಿ ಹೇಳಿತು. ಕಾಫಿ ಪಾತ್ರೆಯವರ ಪಕ್ಕದಲ್ಲಿ ಪಾನಾದವರೂ ಇರಲಿ, ಊರಿಗೆ ಎರಡು ಮನೆತನವಾಗಲಿ ಎಂದುಕೊಂಡಳು.

ಹಬ್ಬದ ಎರಡನೆಯ ದಿನ ತವರಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಗೋಡೆ. ಅಪ್ಪನ ಫೋಟೋ ಇತ್ತು, ಗಡಿಯಾರ ಇತ್ತು. ಎರಡು ಮೊಳೆಗಳ ನಡುವೆ, ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗೆ, ಪಾನಾದ ಆಕಾರ ಮಾತ್ರ ಉಳಿದಿತ್ತು.

ಅವಳು ಬಿಸ್ಕತ್ತಿನ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತಳು. ನಿಸ್ರೀನ್ ಚಹಾ ತರುತ್ತೇನೆಂದು ಒಳಗೆ ಸರಿದಳು. ತಲಾಲ್ ತಲೆ ತಗ್ಗಿಸಿಕೊಂಡು ಕೂತ.

“ಎಲ್ಲೋ ಅದು?”

“ಲಿಯಾಂಗ್ ಬಂದಿದ್ದ, ಅಕ್ಕ. ಚೀನಾದಿಂದ ನಂಗೆ ಸಾಮಾನು ಕಳಿಸ್ತಾನಲ್ಲ, ಅವ್ನು. ಮನ್ಸಫ್ ಮಾಡಿ ಊಟಕ್ಕೆ ಕರೆದಿದ್ದೆ. ಒಳ್ಳೇ ಮನುಷ್ಯ, ಕುರಿಮಾಂಸ ಕೈಯಲ್ಲೇ ತಿಂದ. ಗೋಡೆ ನೋಡಿ, ಇದೇನು ಇಷ್ಟು ಚೆನ್ನಾಗಿದೆ ಅಂದ. ನಿಮ್ದೇ ತಗೊಳ್ಳಿ ಅಂದೆ. ಬೇಡ ಬೇಡ ಅಂದ. ಮರ್ಯಾದೆ ಅಲ್ವಾ, ಇನ್ನೊಂದ್ಸಲ ಅಂದೆ. ಅಯ್ಯೋ ಬೇಡ ಅಂದ. ಮೂರನೇ ಸಲ ಆಣೆ ಹಾಕಿ ಅಂದೆ…” ತಲಾಲ್ ಕೈ ಚೆಲ್ಲಿದ. “ಎದ್ದು ನಿಂತು ಎರಡೂ ಕೈಯಲ್ಲಿ ತಗೊಂಡ. ಅವ್ರ ಕಡೆ ಎರಡು ಸಲ ಬೇಡ ಅಂದು ಮೂರನೇ ಸಲ ತಗೋಬೇಕಂತೆ. ಆಮೇಲೆ ಗೊತ್ತಾಯ್ತು.”

“ತಗೊಂಡು ಹೋದ್ನಾ?”

“ಕಣ್ಣಲ್ಲಿ ನೀರು ಹಾಕ್ಕೊಂಡು ತಗೊಂಡು ಹೋದ. ಇಂಥಾ ಉಡುಗೊರೆ ಯಾರೂ ಕೊಟ್ಟಿರ್ಲಿಲ್ಲ ಅಂದ. ಹೇಗಕ್ಕ ವಾಪಸ್ ಕೇಳ್ಲಿ?”

ಖಿತಾಮ್ ಕುರ್ಚಿಯಲ್ಲಿ ಕೂತಳು. ಎಂಟು ವರ್ಷದಿಂದ ಕೂತ ಅದೇ ಕುರ್ಚಿ.

“ಹದಿನಾರು ಹಬ್ಬ ಕಣೋ ತಲಾಲ್,” ಎಂದಳು. “ಹದಿನಾರು ಹಬ್ಬ ಅದನ್ನ ನೋಡ್ಕೊಂಡು ಕೂತಿದ್ದೆ.”

“ಹದಿನಾರು ಸಲಾನೂ ನಿಂದೇ ತಗೊ ಅಂದಿದ್ದೆ ನಾನು.”

“ನಿಜವಾಗ್ಲೂ ಅಂದಿದ್ಯೇನೋ?”

ತಲಾಲ್ ಮುಖ ಎತ್ತಿದ. “ಇನ್ನ್ ಹ್ಯಾಗೆ ಅನ್ಬೇಕಿತ್ತು? ಬೇರೆ ಮಾತು ಎಲ್ಲಿದೆ ನಮ್ಮ ಹತ್ರ? ಅಪ್ಪ ನನ್ನನ್ನ ಒಂದಿನಾನೂ ಮಾಳಿಗೆಗೆ ಕರ್ಕೊಂಡು ಹೋಗ್ಲಿಲ್ಲ. ಆ ಪಾನಾ ನಿಂದು ಅಂತ ನಂಗೆ ಗೊತ್ತಿಲ್ವಾ? ನೀನು ಪ್ರತಿ ಸಲ ಬೇಡ ಅಂದಾಗ್ಲೂ, ಮನೆ ವಿಷಯಕ್ಕೆ ಅಕ್ಕಂಗೆ ಇನ್ನೂ ಕೋಪ ಇದೆ, ಅದಕ್ಕೇ ನನ್ನ ಕೈಯಿಂದ ಏನೂ ಮುಟ್ಟಲ್ಲ ಅಂದ್ಕೊಂಡೆ.”

ಇಬ್ಬರೂ ಬೆಳ್ಳಗಿನ ಗುರುತನ್ನು ನೋಡುತ್ತಾ ಕೂತರು. ಇಷ್ಟು ಪ್ರೀತಿಯಿಟ್ಟುಕೊಂಡು ಇಷ್ಟು ದಡ್ಡರಾಗಿದ್ದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಸ್ರೀನ್ ತಂದಿಟ್ಟ ಚಹಾ ತಣ್ಣಗಾಯಿತು.

ಆಮೇಲೆ ಖಿತಾಮ್ ಮೊದಲಿನಂತೆಯೇ ಗುರುವಾರ ಅಂಗಡಿಗೆ ಹೋಗುತ್ತಿದ್ದಳು, ಮೊದಲಿನಂತೆಯೇ ತಮ್ಮನನ್ನು ಗೇಲಿ ಮಾಡುತ್ತಿದ್ದಳು. ಆದರೆ ಗೋಡೆಯೊಳಗಿನ ಸೋರಿಕೆಯ ಕೆಲಸ ಬಂದರೆ ಬೇರೆಯವರ ಹೆಸರು ಹೇಳಿ ಕಳಿಸುತ್ತಿದ್ದಳು. ಕೆಲವು ಸಲ ಖಾಲಿ ಮಾಳಿಗೆಯ ಮೇಲೆ ನಿಂತಾಗ ಬಲಗೈ ಹೆಬ್ಬೆಟ್ಟು ತಾನಾಗಿ ಏನನ್ನೋ ತಡಕುತ್ತಿತ್ತು.

ಈ ವಸಂತದ ಒಂದು ಗುರುವಾರ ಅವಳು ದಂಡಿನ ಜೊತೆ ಒಳಗೆ ಹೋದಾಗ ತಲಾಲ್ ಗಲ್ಲಾ ಬಿಟ್ಟು ಎದ್ದು ಬಂದ. ಮೂರು ದಿನಾರಿನ ಮೂಲೆಯಲ್ಲಿ ಹೊಸ ಮಾಲು ನೇತಾಡುತ್ತಿತ್ತು. ಪೈಪ್ ಪಾನಾ, ಇಪ್ಪತ್ತನಾಲ್ಕು, ಸಾಲಾಗಿ. ಕೆಂಪು ಬಣ್ಣ, ಕಪ್ಪು ರಬ್ಬರಿನ ಹಿಡಿ.

“ಲಿಯಾಂಗ್ ಕಳಿಸಿದ್ದಾನೆ ಅಕ್ಕ,” ಎಂದ ತಲಾಲ್, ತಪ್ಪು ಮಾಡಿದ ಮಗುವಿನ ದನಿಯಲ್ಲಿ. “ನಿಮ್ಮ ತಂದೆಯವರ ಪಾನಾನೇ ಮಾದರಿಯಾಗಿ ಇಟ್ಟು ಮಾಡಿಸ್ದೆ, ಗೌರವಕ್ಕೆ ಅಂತ ಬರೆದಿದ್ದಾನೆ. ಅದನ್ನ ಅವ್ನ ಮನೆ ಗೋಡೆ ಮೇಲೆ ಹಾಕ್ಕೊಂಡಿದ್ದಾನಂತೆ.”

ಖಿತಾಮ್ ಒಂದನ್ನು ಕೊಕ್ಕೆಯಿಂದ ಬಿಡಿಸಿಕೊಂಡಳು. ದವಡೆಯ ಕೆಳಗೆ ಎರಡು ಗೀರು, ಒಂದು ಚುಕ್ಕೆ. ಅಚ್ಚಿನಲ್ಲೇ ಎರಕ ಹೊಯ್ದದ್ದು. ಹಿಡಿಯ ರಬ್ಬರೂ ಅಚ್ಚಿನದೇ, ಆದರೆ ಪಟ್ಟಿ ಸುತ್ತಿದ ಹಾಗೆಯೇ ಓರೆ ಗೆರೆಗಳು. ಮೊದಲ ಸುತ್ತು, ಎರಡನೆಯ ಸುತ್ತು. ಮೂರನೆಯದು ತಪ್ಪಿ ಎರಡನೆಯದರ ಮೇಲೆ ಅಡ್ಡ ಹತ್ತಿತ್ತು. ಅವಳು ತಲೆಯೆತ್ತಿ ಉಳಿದವನ್ನು ನೋಡಿದಳು. ಹನ್ನೊಂದು ವರ್ಷದ ತನ್ನ ಕೈ ಮಾಡಿದ ತಪ್ಪು ಇಪ್ಪತ್ತನಾಲ್ಕೂ ಪಾನಾಗಳ ಮೇಲೆ, ಒಂದೇ ಜಾಗದಲ್ಲಿ, ಒಂದೇ ತೆರ ಇತ್ತು.

“ಪರವಾಗಿಲ್ವಾ ಖಿತಾಮಕ್ಕ, ತಗೋಬಹುದಾ?” ಎಂದು ಹಿಂದಿನಿಂದ ಉಮ್ಮ್ ಲುತ್ಫಿ ಕೇಳಿದಳು.

ಖಿತಾಮ್ ಪಾನಾದ ದವಡೆ ಬಿಗಿ ಮಾಡುವ ಉಂಗುರ ತಿರುಗಿಸಿದಳು. ಸಡಿಲ. ದವಡೆ ಹಿಡಿದು ಅಲ್ಲಾಡಿಸಿದಳು, ಗಡಗಡ ಎಂದಿತು. ಅಂಗಡಿಯ ಹಿಂಬದಿಯಲ್ಲಿ ಕೈ ತೊಳೆಯುವ ನಲ್ಲಿಯಿತ್ತು, ಅದನ್ನು ಸಣ್ಣಗೆ ಬಿಟ್ಟು, ಪಾನಾದ ಬಾಯನ್ನು ಪೈಪಿಗೆ ಕಚ್ಚಿಸಿ, ಹಿಡಿಯ ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಹೆಂಗಸರೆಲ್ಲ ಮಾತು ನಿಲ್ಲಿಸಿದರು.

“ಏನ್ ಹೇಳ್ತಿದೆ?” ಎಂದಳು ಉಮ್ಮ್ ಲುತ್ಫಿ.

ಪಾಪ, ಅವಳಿಗೇನು ಗೊತ್ತು. ಖಿತಾಮ್ ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿದಳು. ಕಣ್ಣಿನ ತುದಿಯಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ಏನೂ ಹೇಳ್ತಿಲ್ಲ,” ಎಂದಳು.

ನಲ್ಲಿ ನಿಲ್ಲಿಸಿ ಈಚೆಗೆ ಬಂದು, ಎಂದಿನ ಗಟ್ಟಿ ದನಿಯಲ್ಲೇ ಹೇಳಿದಳು, “ಬೇಡ. ಯಾರೂ ತಗೋಬೇಡಿ. ಉಂಗುರ ಸಡಿಲ, ಹಲ್ಲು ಮೆತ್ತಗಿದೆ, ಎರಡು ದಿನಕ್ಕೆ ಬಾಯಿ ಬಿಡುತ್ತೆ. ಹಿಡಿಯೋ ಸಾಮಾನು ಇಲ್ಲಿ ತಗೋಬಾರದು ಅಂತ ಎಷ್ಟು ಸಲ ಹೇಳಿಲ್ಲ ನಾನು?”

ಹಾಗೆ ಹೇಳಿ ಅದನ್ನು ಕೊಕ್ಕೆಗೆ ತಿರುಗಿ ಹಾಕಲಿಲ್ಲ. ಅವಳ ಬಲಗೈ ಹಿಡಿಯ ಸುತ್ತ ಮುಚ್ಚಿತ್ತು, ಹೆಬ್ಬೆಟ್ಟು ಅಡ್ಡ ಸುತ್ತಿನ ಮೇಲೆ ಕೂತಿತ್ತು. ಎಡಗೈಯಿಂದ ಪರ್ಸು ತೆಗೆದು ಮೂರು ದಿನಾರು ಗಲ್ಲಾದ ಮೇಲಿಟ್ಟಳು. ಹೆಂಗಸರು ಮುಖ ಮುಖ ನೋಡಿಕೊಂಡರು.

ತಲಾಲ್ ನೋಟುಗಳನ್ನು ಬೆರಳ ತುದಿಯಿಂದ ಅವಳ ಕಡೆಗೆ ದೂಡಿದ. ಆ ಊರಿನ ಅಂಗಡಿಯವರೆಲ್ಲ ಗುರುತಿನವರಿಗೆ ಹಾಗೆಯೇ ದೂಡುತ್ತಾರೆ. ಗುರುತಿನವರು ಮತ್ತೆ ಮುಂದಕ್ಕೆ ತಳ್ಳಿ ಕೊಟ್ಟೇ ಹೋಗುತ್ತಾರೆ.

“ಬಿಡಕ್ಕ,” ಎಂದ. “ನಿಂದೇ, ತಗೊ.”

ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಖಿತಾಮ್ ಅದನ್ನು ನುಂಗಿಕೊಂಡಳು. ಮೂರು ದಿನಾರನ್ನು ತಿರುಗಿ ಪರ್ಸಿಗೆ ಹಾಕಿ, ಪರ್ಸನ್ನು ಚೀಲಕ್ಕೆ ಹಾಕಿ, ಪಾನಾವನ್ನು ಎದೆಗೆ ಒತ್ತಿಕೊಂಡು ತಮ್ಮನ ಮುಖ ನೋಡಿದಳು.

“ತಗೊಂಡೆ ಕಣೋ,” ಎಂದಳು.